ವಾಲಗಕ್ಕೆ ಮುಂಚೆ ಒಂದು ಪದ

ಕೊಡಗಿನಲ್ಲಿ ಆರ್ಕೆಸ್ಟ್ರಾ ನಡೆಸುವವರಿಗೆಲ್ಲ ಗೊತ್ತಿರುವ ಒಂದು ಕಟ್ಟಳೆ ಇದೆ: ವಾಲಗದ ಕುಣಿತವನ್ನು ಕೊನೆಗೇ ಇಡಬೇಕು. ಓಲಗ, ಡೋಲು ಒಮ್ಮೆ ಶುರುವಾಯಿತೆಂದರೆ ಕೊಡವರು, ಗೌಡರು, ಮಲಯಾಳಿಗಳು, ತುಳುವರು ಎನ್ನುವ ಭೇದವಿಲ್ಲದೆ ಕೂತವರೆಲ್ಲ ಎದ್ದುಬಿಡುತ್ತಾರೆ. ಕೋಲೂರಿಕೊಂಡು ಬಂದ ಅಜ್ಜನೂ ಒಂದು ಕೈ ಮೇಲೆತ್ತಿ ಎರಡು ಹೆಜ್ಜೆ ಹಾಕುತ್ತಾನೆ. ಅದಾದ ಮೇಲೆ ಸಾಕ್ಷಾತ್ ಸರಸ್ವತಿಯೇ ಬಂದು ಮೈಕ್ ಹಿಡಿದರೂ ಕೇಳುವವರಿಲ್ಲ. ನಾವು ವೈರು ಸುತ್ತಿಕೊಂಡು ಮನೆಗೆ ಹೋಗಬೇಕು, ಅಷ್ಟೆ.

ಕೊನೆಗೆ ಇಟ್ಟರೆ ಆಯಿತಲ್ಲ, ಕಷ್ಟವೇನು ಎನ್ನುತ್ತೀರಿ. ಜನ ಬಿಡಬೇಕಲ್ಲ! ಗಣಪತಿ ಹಾಡು ಮುಗಿಯುವ ಮೊದಲೇ ಹಿಂದಿನ ಸಾಲಿನಿಂದ ‘ವಾಲಗ, ವಾಲಗ’ ಎಂದು ಕೂಗು ಶುರು. ಈ ಕೂಗಿನ ದೆಸೆಯಿಂದ ದೇರಪ್ಪಣ್ಣನ ಒಂದು ಹಾಡು ಯಾವ ಸಭೆಯಲ್ಲೂ ಕೊನೆ ಮುಟ್ಟಲಿಲ್ಲ. ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ನಾನು ಪವಿತ್ರಾ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜೋಳ, ಶುಂಠಿ ಬೆಳೆದುಕೊಂಡಿದ್ದವರ ಮನೆಯಲ್ಲಿ ಹುಟ್ಟಿ, ಗೋಣಿಕೊಪ್ಪಕ್ಕೆ ಮದುವೆಯಾಗಿ ಬಂದವಳು. ಹಗಲು ಬ್ಲೌಸ್ ಹೊಲಿಯುತ್ತೇನೆ, ಕಾರ್ಯಕ್ರಮವಿದ್ದ ಸಂಜೆ ‘ಇಬ್ಬನಿ ಮೆಲೋಡೀಸ್’ನಲ್ಲಿ ಹಾಡುತ್ತೇನೆ. ತಂಡವೆಂದರೆ ದೊಡ್ಡದೇನಲ್ಲ. ನಾನು, ಕೀಬೋರ್ಡ್ ನುಡಿಸುತ್ತಲೇ ಹಾಡುವ ದೇರಪ್ಪಣ್ಣ, ರಿದಮ್ ಪ್ಯಾಡ್ ಬಾರಿಸುವ ಚಂದ್ರು. ಜೀಪು ಚಂದ್ರುವಿನದು, ಹಾಗಾಗಿ ಅವನಿಗೆ ಬಾಯಿ ಜಾಸ್ತಿ.

ದೇರಪ್ಪಣ್ಣ ಬಿಟ್ಟಂಗಾಲದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಲೈನ್ ಮನೆಗಳ ಮುಂದೆ ನಿಂತು ಆಳುಗಳ ಹಾಜರಿ ಹಿಡಿಯುವುದು, ಇವತ್ತು ಯಾವ ಕಡೆ ಪಿಕ್ಕಿಂಗ್, ಯಾವ ಕಡೆ ಗೊಬ್ಬರ ಎಂದು ಹಂಚುವುದು ಅವರ ಕೆಲಸ. ಅವರು ಅಲ್ಲಿಯವರಲ್ಲ. ಪಶ್ಚಿಮದ ಬೆಟ್ಟದ ಮಗ್ಗುಲಲ್ಲಿ ಹೊನ್ನೆಮೊಟ್ಟೆ ಎಂಬ ಸಣ್ಣ ಊರು, ಅರೆಭಾಷೆ ಮಾತಾಡುವ ಗೌಡರ ಮನೆಗಳು. ಗುಡ್ಡ ಜರಿದ ವರ್ಷ ಆ ಊರು ಮನೆ, ಗದ್ದೆ, ಏಲಕ್ಕಿ ತೋಟ ಸಮೇತ ಮಣ್ಣಿನಡಿ ಹೋಯಿತು. ಪುಣ್ಯಕ್ಕೆ ಜನರ ಜೀವ ಉಳಿಯಿತು. ಉಳಿದವರು ಯಾರು ಯಾರೋ ಎಲ್ಲೆಲ್ಲೋ ಸೇರಿಕೊಂಡರು. ದೇರಪ್ಪಣ್ಣ, ಅವರ ಹೆಂಡತಿ ಪೂವಮ್ಮಕ್ಕ ಎಸ್ಟೇಟಿನ ಕ್ವಾರ್ಟರ್ಸಿಗೆ ಬಂದರು.

ಹಾಡು ಅವರಿಗೆ ಮೊದಲಿಂದಲೂ ಇತ್ತು. ಆದರೆ ಜನರಿಗೆ ದೇರಪ್ಪಣ್ಣ ಎಂದರೆ ಗೊತ್ತಿರುವುದೇ ಬೇರೆ. ವಾಲಗ ನಡೆಯುವಾಗ ಮೈಕಿನಲ್ಲಿ ಇವರು ‘ಓಯ್, ಓಯ್’ ಎಂದು ಹುರಿದುಂಬಿಸುವುದಿದೆಯಲ್ಲ, ಅದಕ್ಕೆ ಇಡೀ ದಕ್ಷಿಣ ಕೊಡಗು ಫಿದಾ. ‘ದೇರಪ್ಪಣ್ಣ ಬಾರದಿದ್ದರೆ ವಾಲಗಕ್ಕೆ ಜೀವ ಇಲ್ಲ’ ಎಂದು ಮದುವೆ ಮನೆಯವರೇ ಹೇಳುತ್ತಿದ್ದರು. ಅದು ಹೊಗಳಿಕೆ ಎಂದು ಅವರು ತಿಳಿದಿದ್ದರು. ಇವರಿಗೆ ಮಾತ್ರ ಅದು ಕೇಳಿದಾಗಲೆಲ್ಲ ಮುಖ ಸಪ್ಪಗಾಗುತ್ತಿತ್ತು. ಅಲ್ಲ, ರಾಗ ಕಲಿತು, ಸ್ವರ ಕೂಡಿಸಿ, ಗಂಟಲು ಕಾಪಾಡಿಕೊಂಡು ಬಂದವನನ್ನು ‘ಓಯ್’ ಎನ್ನುವುದಕ್ಕೆ ಕರೆದರೆ ಹೇಗಿರುತ್ತದೆ ಹೇಳಿ.

ಎಸ್ಟೇಟಿಗೆ ಬಂದ ಮೇಲೆ ಅವರೊಂದು ಹಾಡು ಕಟ್ಟಿದರು. ಅವರ ಭಾಷೆಯಲ್ಲಿ ಹಾಡಿಗೆ ಪದ ಎನ್ನುತ್ತಾರೆ. ಹೊನ್ನೆಮೊಟ್ಟೆಯ ಮನೆಗಳನ್ನೆಲ್ಲ ಒಂದೊಂದಾಗಿ ಹೆಸರು ಹಿಡಿದು ಕರೆಯುವ ಪದ. ‘ಅತ್ತ ಮೇಲಿನ ಮನೆ, ಇತ್ತ ಕೆಳಗಿನ ಮನೆ, ನಡುಲಿ ನೀರ ತೋಡು’ ಎಂದು ಶುರುವಾಗುತ್ತದೆ. ಮೂರನೆಯ ಚರಣ ಅವರದೇ ಮನೆಯದು. ‘ಮಣ್ಣಡಿ ಕೊಟ್ಟಿಗೇಲಿ ಗಂಟೆ ಇನ್ನೂ ಕೇಳ್ತುಟ್ಟು’ ಎನ್ನುವಲ್ಲಿ, ಎಂದರೆ ದನದ ಕೊರಳಿನ ಗಂಟೆ ಇನ್ನೂ ಕೇಳಿಸುತ್ತಿದೆ ಎನ್ನುವಲ್ಲಿ, ರಾಗ ಕೆಳಕ್ಕಿಳಿದು ನಿಂತುಬಿಡುತ್ತದೆ. ಮೊದಲ ಸಲ ಅವರ ಮನೆಯ ಪ್ರಾಕ್ಟೀಸಿನಲ್ಲಿ ಕೇಳಿದಾಗ ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಿದ್ದೇನೆ. ಅರೆಭಾಷೆ ನನಗೆ ಅರ್ಧಂಬರ್ಧ ಬರುವುದು, ಆದರೂ ಅತ್ತೆ. ‘ಅಣ್ಣಾ, ಈ ಸಾಲು ಎರಡು ಸಲ ಹೇಳಿ, ಒಂದೇ ಸಲಕ್ಕೆ ಬಿಡ್ಬೇಡಿ’ ಎಂದು ಹೇಳಿಕೊಟ್ಟವಳೂ ನಾನೇ. ಪೂವಮ್ಮಕ್ಕ ಆಗ ಒಳಗೆ ಒಲೆಯ ಮುಂದಿದ್ದರು.

ಈ ಪದವನ್ನು ಜನರ ಮುಂದೆ ಹಾಡಲು ಪಟ್ಟ ಪಾಡು ಒಂದೆರಡಲ್ಲ. ಬಾಳೆಲೆ ಊರಲ್ಲಿ ಒಂದು ಸಂಘದ ವಾರ್ಷಿಕೋತ್ಸವ. ಎರಡನೆಯ ಚರಣಕ್ಕೆ ಬಂದಿದ್ದೇವೆ, ಕಾರ್ಯದರ್ಶಿ ಮಹಾಶಯ ಮೈಕ್ ಕಿತ್ತುಕೊಂಡು ‘ಕೆಎ ಹನ್ನೆರಡು ನಂಬರಿನ ಬಿಳಿ ಕಾರು ದಾರಿಗೆ ಅಡ್ಡ ನಿಂತಿದೆ’ ಎಂದು ಶುರು ಮಾಡಿದರು. ಕೊಡಗಿನ ಗಾಡಿಗಳೆಲ್ಲ ಕೆಎ ಹನ್ನೆರಡೇ, ಅದರಲ್ಲಿ ಅರ್ಧ ಬಿಳಿಯೇ! ಸಭೆಯ ಅರ್ಧ ಜನ ಎದ್ದು ಹೋದರು. ಇನ್ನೊಂದು ಕಡೆ, ಮದುವೆಯ ಆರತಕ್ಷತೆ, ಮದುಮಗನ ಗೆಳೆಯನೊಬ್ಬ ವೇದಿಕೆ ಹತ್ತಿ ದೇರಪ್ಪಣ್ಣನ ಹೆಗಲ ಮೇಲೆ ಕೈ ಹಾಕಿ, ‘ಅಂಕಲ್, ಇದು ಯಾರು ಸತ್ತ ಹಾಡು? ಒಳ್ಳೆದು ಹಾಡಿ’ ಎಂದ. ಥೂ, ಅವನ ನಾಲಿಗೆಗೆ ಬರೆ ಎಳೆಯಬೇಕು ಎನಿಸಿತು. ದೇರಪ್ಪಣ್ಣ ನಕ್ಕು ಬೇರೆ ಹಾಡಿಗೆ ಕೈ ಹಾಕಿದರು. ಅವರು ಹಾಗೆ ನಗುವುದನ್ನು ನೋಡಿದರೆ ನನಗೆ ಇನ್ನೂ ಸಿಟ್ಟು.

ಜೀಪಿನಲ್ಲಿ ಬರುವಾಗ ಇದೇ ಜಗಳ. ಚಂದ್ರು ಯಾವಾಗಲೂ ಜನರ ಪಕ್ಷ.

‘ಅಕ್ಕಾ, ಜನ ಹಾಡು ಕೇಳಕ್ಕೆ ಬರ್ತಾರೆ ಅಂದ್ಕೊಂಡಿದ್ದೀರಲ್ಲ, ಅಲ್ಲೇ ನೀವು ಎಡವೋದು. ಅವ್ರು ಬರೋದು ಗೊತ್ತಿರೋ ಹಾಡನ್ನ ನಮ್ ಜೊತೆ ತಾವೂ ಹಾಡಕ್ಕೆ. ಗೊತ್ತಿಲ್ದಿರೋದು ಹಾಡಿದ್ರೆ ಬಾಯಿ ಮುಚ್ಕೊಂಡು ಕೂರ್ಬೇಕು. ಮನೆ ಬಿಟ್ಟು ಬಂದು ಬಾಯಿ ಮುಚ್ಕೊಂಡು ಕೂರೋದು ಯಾರಿಗೆ ಬೇಕು?’

‘ಗೊತ್ತಿರೋ ಹಾಡೂ ಒಂದು ದಿನ ಗೊತ್ತಿಲ್ಲದ್ದೇ ಆಗಿತ್ತಲ್ಲ ಮಾರಾಯ,’ ಎನ್ನುತ್ತಿದ್ದರು ದೇರಪ್ಪಣ್ಣ.

‘ಅದಕ್ಕೆ ಯಾರೋ ಕಷ್ಟಪಟ್ಟು ಕೇಳಿರ್ತಾರೆ ಅಣ್ಣ. ಆ ಕಷ್ಟ ನಮ್ಮ ಕಾರ್ಯಕ್ರಮದಲ್ಲೇ ಯಾಕೆ?’

‘ಏಯ್, ನೀನು ರೋಡ್ ನೋಡ್ಕೊಂಡು ಓಡ್ಸು,’ ಎಂದು ನಾನು ಗದರುತ್ತಿದ್ದೆ.

ಹೊನ್ನೆಮೊಟ್ಟೆಯವರು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಮಡಿಕೇರಿ ಹತ್ತಿರದ ಒಂದು ಸಮುದಾಯ ಭವನದಲ್ಲಿ ಸೇರುತ್ತಿದ್ದರು. ಸಂತೋಷ ಕೂಟ ಎಂದು ಹೆಸರು. ಹೋದ ವರ್ಷದ ಕೂಟಕ್ಕೆ ನಮ್ಮ ತಂಡವನ್ನು ಕರೆದರು. ಕೂಟದ ಅಧ್ಯಕ್ಷರು ಬೊಳ್ಳಪ್ಪ ಎಂಬವರು, ದೇರಪ್ಪಣ್ಣನ ಹಳೆಯ ನೆರೆಮನೆಯವರು. ಮುಂದಿನ ವರ್ಷದಿಂದ ಪ್ರತ್ಯೇಕ ಕೂಟ ಬೇಡ, ಗೌಡರ ದೊಡ್ಡ ಸಮಾಜದ ಕೂಟದ ಜೊತೆ ಸೇರಿಸಿಬಿಡೋಣ ಎಂದು ಅವರೆಲ್ಲ ತೀರ್ಮಾನ ಮಾಡಿಯಾಗಿತ್ತು. ಅಂದರೆ ಊರಿನವರು ಊರಿನವರಾಗಿ ಒಂದೇ ಕಡೆ ಕೂರುವುದು ಅದೇ ಕೊನೆ.

ಸುದ್ದಿ ತಿಳಿದ ದಿನ ದೇರಪ್ಪಣ್ಣ ನನಗೆ ಫೋನ್ ಮಾಡಿದರು. ‘ಪವಿತ್ರಾ, ಬೇರೆಯವರಿಗೆ ಅದು ಹಾಡು. ನಮ್ಮವರಿಗೆ ಅದು ಊರು. ಅವರೊಮ್ಮೆ ಪೂರ್ತಿ ಕೇಳಲಿ. ಆಮೇಲೆ ಸಾಯುವವರೆಗೂ ನಾನು ಓಯ್ ಅಂತಲೇ ಇರ್ತೇನೆ, ಬೇಜಾರಿಲ್ಲ.’

‘ಕೇಳ್ತಾರೆ ಅಣ್ಣ, ಕೇಳಿಸ್ತೀನಿ, ನೋಡ್ತಾ ಇರಿ’ ಎಂದೆ.

ಉಪಾಯ ನನ್ನದೇ. ನಮ್ಮ ವಾಲಗ ಇರುವುದು ಚಂದ್ರುವಿನ ಪ್ಯಾಡಿಗೆ ಹಾಕುವ ಪೆನ್‌ಡ್ರೈವಿನಲ್ಲಿ. ಅದನ್ನು ಮನೆಯಲ್ಲೇ ಬಿಟ್ಟು ಬಾ ಎಂದೆ. ಇಲ್ಲದ ವಾಲಗವನ್ನು ಎಷ್ಟು ಕೂಗಿದರೂ ಎಲ್ಲಿಂದ ತರುತ್ತಾರೆ? ಚಂದ್ರು ಗೊಣಗಿದ. ‘ಕೊಡಗಲ್ಲಿ ವಾಲಗ ಇಲ್ದೆ ಕಾರ್ಯಕ್ರಮ ಮಾಡಿದ್ರೆ ಊಟಾನೂ ಹಾಕಲ್ಲ, ನೋಡ್ತಿರಿ.’ ಆದರೂ ಕೊನೆಗೆ ಪೆನ್‌ಡ್ರೈವನ್ನು ನನ್ನ ಕೈಗೆ ಕೊಟ್ಟ. ನಾನು ಅದನ್ನು ಹೊಲಿಗೆ ಮಿಷಿನ್ನಿನ ಡ್ರಾಯರಿಗೆ ಹಾಕಿ ಬೀಗ ಹಾಕಿದೆ.

ಕೂಟದ ದಿನ ನಾವು ತಲುಪುವಾಗ ಹಗ್ಗಜಗ್ಗಾಟ ನಡೆಯುತ್ತಿತ್ತು. ಒಂದು ಕಡೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹೆಂಗಸರು ಬಸಳೆ ಚಪ್ಪರದ ಸುದ್ದಿಯಿಂದ ಹಿಡಿದು ಮೊಮ್ಮಕ್ಕಳ ಸುದ್ದಿವರೆಗೆ ಮಾತಾಡಿಕೊಂಡು ಕೂತಿದ್ದರು. ಹಂದಿ ಸಾರು, ಕಡುಬಿನ ವಾಸನೆ ಭವನದ ತುಂಬ. ಹಿರಿಯರನ್ನು ಗೇಟಿನಿಂದ ವೇದಿಕೆಗೆ ವಾಲಗದಲ್ಲಿ ಕರೆತಂದಿದ್ದರಂತೆ, ನಾವು ಬರುವಷ್ಟರಲ್ಲಿ ಅದೆಲ್ಲ ಮುಗಿದಿತ್ತು. ಡೋಲುಗಳು ಕಣ್ಣಿಗೆ ಬೀಳಲಿಲ್ಲ. ವಾಲಗದವರು ಹೊರಟುಹೋಗಿದ್ದಾರೆ ಎಂದೇ ನಾನು ತಿಳಿದೆ. ವಿಚಾರಿಸಬೇಕಿತ್ತು. ಪೆನ್‌ಡ್ರೈವಿಗೆ ಬೀಗ ಹಾಕಿದ ಜಾಣತನದಲ್ಲಿ, ಜೀವಂತ ವಾಲಗದವರು ಹಿಂದಿನ ಅಡುಗೆ ಶೆಡ್ಡಿನಲ್ಲಿ ಬಾಳೆಎಲೆ ಹಾಕಿಕೊಂಡು ಕೂತಿರಬಹುದು ಎಂಬುದು ನನ್ನ ತಲೆಗೇ ಹೋಗಲಿಲ್ಲ.

ಸಂಜೆ ಕಾರ್ಯಕ್ರಮ ಶುರುವಾಯಿತು. ಪೂವಮ್ಮಕ್ಕ ಯಾವಾಗಿನಂತೆ ಮುಂದಿನ ಸಾಲಿನಲ್ಲಿ, ಮಡಿಲಲ್ಲಿ ಬೆಲ್ಲದ ಕಾಫಿಯ ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದರು. ಅವರದು ಮಾತು ಕಡಿಮೆ. ನಾನು ‘ಹಾಡು ಹೇಗಿತ್ತಕ್ಕ’ ಎಂದರೆ ‘ಒಳ್ಳದುಟ್ಟು’ ಎಂದು ಒಂದು ಲೋಟ ಕಾಫಿ ಬಗ್ಗಿಸುತ್ತಾರೆ, ಮುಗಿಯಿತು.

ಗಣಪತಿ ಹಾಡು, ಕಾವೇರಮ್ಮನ ಹಾಡು ಆಯಿತು. ಹಳೆಯ ಸಿನಿಮಾ ಹಾಡೊಂದನ್ನು ನಾನು ಹಾಡಿದೆ, ಜನ ನನಗಿಂತ ಜೋರಾಗಿ ಹಾಡಿದರು. ಅಷ್ಟರಲ್ಲಿ ಹಿಂದಿನಿಂದ ಶುರು: ‘ದೇರಪ್ಪಣ್ಣಾ, ವಾಲಗ!’

ಬೊಳ್ಳಪ್ಪನವರು ವೇದಿಕೆಯ ಮೆಟ್ಟಿಲಿಗೇ ಬಂದರು. ‘ದೇರಪ್ಪಣ್ಣ, ಜನ ಕಾಯ್ತುಟ್ಟು. ವಾಲಗ ಬುಡಿ.’

ದೇರಪ್ಪಣ್ಣ ಮೈಕಿನಲ್ಲೇ ಹೇಳಿದರು, ‘ವಾಲಗ ಇಂದ್ ತಂದತ್ಲೆ. ಇಂದ್ ಒಂದು ಪದ ಉಟ್ಟು, ನಮ್ಮ ಊರ ಪದ.’ ಜನ ಗೊಳ್ಳೆಂದು ನಕ್ಕರು. ವಾಲಗ ತಂದಿಲ್ಲ ಎಂದರೆ ಯಾರು ನಂಬುತ್ತಾರೆ? ಆ ನಗುವಿನ ಮೇಲೆಯೇ ಅವರು ಶ್ರುತಿ ಹಿಡಿದರು.

ಮೊದಲ ಚರಣ. ಮೇಲಿನ ಮನೆ, ಕೆಳಗಿನ ಮನೆ ಎನ್ನುತ್ತಿದ್ದಂತೆ ನಗು ನಿಂತಿತು. ಒಬ್ಬ ಅಜ್ಜ ತಲೆಯ ಮಫ್ಲರ್ ತೆಗೆದು ಮಡಿಲಲ್ಲಿಟ್ಟುಕೊಂಡ. ತಮ್ಮ ಮನೆಯ ಹೆಸರು ಬಂದಾಗ ಒಬ್ಬಾಕೆ ಪಕ್ಕದವಳ ಕೈ ಹಿಡಿದಳು. ಎರಡನೆಯ ಚರಣಕ್ಕೆ ಮೊಬೈಲ್ ಹಿಡಿದಿದ್ದ ಕೈಗಳೂ ಕೆಳಗಿಳಿದವು. ನಾನು ಚಂದ್ರುವಿನ ಮುಖ ನೋಡಿದೆ, ‘ಈಗ ಹೇಳು, ಜನರ ವಕೀಲ’ ಎಂಬಂತೆ. ಅವನು ತಲೆ ತಗ್ಗಿಸಿ ಮೆಲ್ಲಗೆ ತಾಳ ಹಾಕುತ್ತಿದ್ದ. ಇನ್ನೇನು, ಗೆದ್ದೆವು ಎಂದುಕೊಂಡೆ.

ಮೂರನೆಯ ಚರಣಕ್ಕೆ ಮುಂಚಿನ ಕೀಬೋರ್ಡ್ ತುಣುಕು ನಡೆಯುತ್ತಿದ್ದಾಗ ಪೂವಮ್ಮಕ್ಕ ಎದ್ದರು. ಫ್ಲಾಸ್ಕನ್ನು ಕುರ್ಚಿಯ ಮೇಲಿಟ್ಟು ಪಕ್ಕದ ಬಾಗಿಲಿನಿಂದ ಹೊರಗೆ ಹೋದರು. ನನಗೆ ಕೊಂಚ ಕಿರಿಕಿರಿಯಾಯಿತು. ಗಂಡ ಇಷ್ಟು ವರ್ಷ ಕಾದ ಹೊತ್ತು, ಸ್ವಲ್ಪ ತಡೆದು ಹೋಗಬಾರದೇ?

ದೇರಪ್ಪಣ್ಣ ಗಂಟೆಯ ಸಾಲನ್ನು ಒಮ್ಮೆ ಹಾಡಿದರು. ಎರಡನೆಯ ಸಲಕ್ಕೆ ಉಸಿರು ತೆಗೆದುಕೊಳ್ಳುತ್ತಿದ್ದರು. ಆಗ ಭವನದ ಹಿಂದಿನಿಂದ ಡೋಲು ಗುಡುಗಿತು. ಅದರ ಬೆನ್ನಿಗೇ ಓಲಗ.

ಆಮೇಲೆ ಕೇಳಬೇಕೇ! ಒಂದು ಕ್ಷಣ ಜನ ಅತ್ತ ಇತ್ತ ನೋಡಿದರು. ಅಷ್ಟೆ, ಕುರ್ಚಿಗಳು ಕಿರುಗುಟ್ಟಿದವು. ಮಫ್ಲರ್ ತೆಗೆದಿಟ್ಟ ಅಜ್ಜನೇ ಮೊದಲು ಎದ್ದ. ಕೈ ಕೈ ಹಿಡಿದಿದ್ದ ಹೆಂಗಸರು ಹಾಗೇ ಕೈ ಹಿಡಿದುಕೊಂಡೇ ಹೊರಗೆ ನಡೆದರು. ದೇರಪ್ಪಣ್ಣ ಬಿಡಲಿಲ್ಲ. ಕತ್ತಿನ ನರ ಉಬ್ಬುವಂತೆ ಕೂಗಿ ಕೂಗಿ ಹಾಡಿದರು. ನಾನೂ ದನಿ ಕೂಡಿಸಿದೆ. ಖಾಲಿ ಕುರ್ಚಿಗಳ ಮುಂದೆ ಇಬ್ಬರು ಅರಚುತ್ತಿದ್ದೇವೆ, ಹೊರಗೆ ಅಂಗಳದಲ್ಲಿ ಊರಿಗೆ ಊರೇ ಕುಣಿಯುತ್ತಿದೆ. ಪಕ್ಕದ ಬಾಗಿಲಿನಿಂದ ಅಂಗಳ ಕಾಣುತ್ತಿತ್ತು. ಅಲ್ಲಿ ನಡುವೆ, ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಪೂವಮ್ಮಕ್ಕ ಕುಣಿಯುತ್ತಿದ್ದರು. ದೇರಪ್ಪಣ್ಣ ಅದನ್ನು ನೋಡಿದರು. ಅವರ ಕೈ ಕೀಬೋರ್ಡಿನ ಮೇಲೆ ನಿಂತುಹೋಯಿತು. ಕೊನೆಯ ಚರಣ ಹಾಗೇ ಉಳಿಯಿತು.

ನನಗೆ ಬಂದ ಸಿಟ್ಟಿಗೆ ಲೆಕ್ಕವಿರಲಿಲ್ಲ. ಮೈಕ್ ಬಿಸಾಡಿ ನೇರ ಅಂಗಳದಲ್ಲಿದ್ದ ಬೊಳ್ಳಪ್ಪನವರ ಹತ್ತಿರ ಹೋದೆ. ‘ಏನ್ರೀ ಸಾರ್, ನಿಮಗೆ ಮನುಷ್ಯತ್ವ ಇದೆಯಾ? ನಿಮ್ಮೂರ ಹಾಡನ್ನ ನೀವೇ ಐದು ನಿಮಿಷ ಕೇಳಕ್ಕಾಗಲ್ವಾ? ಅಷ್ಟು ಅರ್ಜೆಂಟ್ ಏನಿತ್ತು ಕುಣಿಯಕ್ಕೆ?’

ಬೊಳ್ಳಪ್ಪ ಬೆವರು ಒರೆಸಿಕೊಳ್ಳುತ್ತಾ ಕಣ್ಣು ಕಣ್ಣು ಬಿಟ್ಟರು. ‘ನಾ ಹೇಳ್ತ್ಲೆ ಅಮ್ಮ. ನಾನೂ ಪದ ಕೇಳ್ತಾ ಕೂತಿದ್ದೆ.’

‘ಮತ್ತೆ ಇವರಿಗೆ ಬಾರಿಸಿ ಅಂದಿದ್ದು ಯಾರು?’

ಡೋಲಿನವರು ಬಾರಿಸುತ್ತಲೇ ಗದ್ದ ಎತ್ತಿ ತೋರಿಸಿದರು. ‘ಆ ಅಮ್ಮ. ಊಟ ಮಾಡ್ತಿದ್ವಿ, ಬಂದು ಈಗಲೇ ಬಾರಿಸಿ ಅಂದ್ರು. ಕೈ ತೊಳೆಯಕ್ಕೂ ಬಿಡ್ಲಿಲ್ಲ.’

ಅವರು ತೋರಿಸಿದ್ದು ಪೂವಮ್ಮಕ್ಕನನ್ನು.

ಕತ್ತಲಾಗುವ ಹೊತ್ತಿಗೆ ಹೊರಟೆವು. ಊಟಕ್ಕೆ ಕೂರಿ ಎಂದು ಬೊಳ್ಳಪ್ಪ ಒತ್ತಾಯ ಮಾಡಿದರು, ದೇರಪ್ಪಣ್ಣ ಬೇಡವೆಂದರು. ಚಂದ್ರುವಿನ ಪಕ್ಕ ನಾನು, ಹಿಂದೆ ಸ್ಪೀಕರ್ ಪೆಟ್ಟಿಗೆಗಳ ನಡುವೆ ಗಂಡ ಹೆಂಡತಿ. ವಿರಾಜಪೇಟೆ ದಾಟುವಾಗ ಚಂದ್ರು ಒಮ್ಮೆ ಏನೋ ಹೇಳಲು ಹೋದ, ನಾನು ಅವನ ತೊಡೆ ಚಿವುಟಿದೆ.

ಕೊನೆಗೆ ದೇರಪ್ಪಣ್ಣನೇ ಕೇಳಿದರು. ‘ನೀನ್ ಎಂತಕೆ ಹಂಗೆ ಮಾಡ್ದ?’

ಪೂವಮ್ಮಕ್ಕ ಹೊರಗೆ ನೋಡುತ್ತಿದ್ದರು. ‘ಪದ ಒಳ್ಳದುಟ್ಟು,’ ಎಂದರು. ‘ನಂಗೆ ಆ ಗಂಟೆ ಬೇಡ.’

‘ಗಂಟೆನಾ?’

‘ಆ ದಿನ ದನಗಳ ಕಟ್ಟಿದ್ದ್ ನಾನ್. ಹಗ್ಗ ಬಿಚ್ಚಿ ಬಾನೆ ಹೇಳ್ದೆ. ನೀವು ನನ್ನ ಕೈ ಬುಡ್ತ್ಲೆ.’

ಗುಡ್ಡ ಬಿರುಕು ಬಿಟ್ಟ ಹೊತ್ತಿನಲ್ಲಿ ದೇರಪ್ಪಣ್ಣ ಅವರನ್ನು ರಸ್ತೆಯವರೆಗೆ ಎಳೆದುಕೊಂಡೇ ಬಂದದ್ದು ನಮಗೆಲ್ಲ ಗೊತ್ತಿತ್ತು. ಅದನ್ನು ಅವರು ಎಷ್ಟೋ ಸಲ ಹೇಳಿದ್ದಾರೆ. ಕೈ ಬಿಟ್ಟಿದ್ದರೆ ಇವತ್ತು ಈ ಜೀಪಿನಲ್ಲಿ ಪೂವಮ್ಮಕ್ಕ ಇರುತ್ತಿರಲಿಲ್ಲ. ದನಗಳ ಹಗ್ಗ ಬಿಚ್ಚಿ ಬರುತ್ತೇನೆ ಎಂದು ಪೂವಮ್ಮಕ್ಕ ಬೇಡಿದ್ದು, ಅವು ಕಟ್ಟಿದಲ್ಲೇ ಮಣ್ಣಿನಡಿ ಹೋಗಿದ್ದು ಮಾತ್ರ ಆವರೆಗೆ ನಾನು ಕೇಳಿರಲಿಲ್ಲ. ಆ ಸಾಲನ್ನು ಎರಡು ಸಲ ಹಾಡಿ ಎಂದಿದ್ದು ನೆನಪಾಗಿ, ಹಿಂದೆ ತಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ.

‘ಗಂಟೆ ಕೇಳ್ತುಟ್ಟು ಹೇಳಿ ನೀವು ಅಡಿಗೆ ಮನೆಗೆ ಕೇಳುವಂಗೆ ಹಾಡ್ತರಿ, ಜೀಪಲಿ ಹಾಡ್ತರಿ, ಊರಿಗೆಲ್ಲ ಹಾಡ್ತರಿ,’ ಎಂದರು ಪೂವಮ್ಮಕ್ಕ. ದನಿ ಏರಲಿಲ್ಲ. ‘ಇಂದ್ ನಮ್ಮವು ಎಲ್ಲಾ ಸೇರಿದ್ದ ದಿನ. ಇಂದಾದ್ರೂ ಅದ್ ಕೇಳದೆ ಇರ್ಲಿ ಅಂತ ಆತ್.’

ದೇರಪ್ಪಣ್ಣ ಸಣ್ಣ ದನಿಯಲ್ಲಿ ಕೇಳಿದರು. ‘ಇಷ್ಟ್ ವರ್ಷ ಎಂತಕೆ ಹೇಳ್ತ್ಲೆ?’

‘ಯಾವಾಗ ಹೇಳ್ದು? ನೀವು ಹಾಡ್ತಾನೇ ಇದ್ದರಿಯಲ್ಲ.’

ಬಿಟ್ಟಂಗಾಲದ ಎಸ್ಟೇಟ್ ಗೇಟು ಬಂತು. ಚಂದ್ರು ಜೀಪು ನಿಲ್ಲಿಸಿದ. ಹಿಂದಿನಿಂದ ಇಬ್ಬರೂ ಇಳಿಯಲಿಲ್ಲ.